ಪುಸ್ತಕದ ಲೆಕ್ಕ ಬಿಟ್ಟು ಕುರ್ಚಿಯ ಲೆಕ್ಕ ಹಿಡಿದಿದ್ದು

ನಾನು ನೋಡಿಕೊಳ್ಳುವ ಅರಿವು ಕೇಂದ್ರಕ್ಕೆ, ಅಂದರೆ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಖರ್ಚಾಗುವ ಪ್ರತಿ ರೂಪಾಯಿಗೆ ಊರಿಗೆ ಆಗುವ ಲಾಭ ಹೆಚ್ಚುಕಡಿಮೆ 1.70 ರೂಪಾಯಿ. ಈ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿದಾಗ ಯಾರೂ ನಗಲಿಲ್ಲ. ಅದೇ ನನಗೆ ದೊಡ್ಡದು. ಯಾಕಂದರೆ ಅದಕ್ಕೂ ಮುಂಚೆ ನಮ್ಮ ತಾಲ್ಲೂಕಿನ ಮೇಲ್ವಿಚಾರಕರೇ ನಕ್ಕಿದ್ದರು: "ಅಕ್ಕಾರ, ಇದೆಲ್ಲಾ ಇಂಗ್ಲೆಂಡಿನಾಗ ಮಾಡೋ ಲೆಕ್ಕ. ನಮಗ ಪೇಪರ್ ಬಿಲ್ ಪಾಸಾದ್ರ ಸಾಕು."

ಇಂಗ್ಲೆಂಡಿನವರು ಮಾಡಿದ್ದು ನಿಜ. 2004ರಲ್ಲಿ ಬ್ರಿಟಿಷ್ ಲೈಬ್ರರಿ ಒಂದು ಪೌಂಡ್ ಸರ್ಕಾರಿ ದುಡ್ಡಿಗೆ 4.40 ಪೌಂಡ್ ಮೌಲ್ಯ ಅಂತ ಲೆಕ್ಕ ಹಾಕಿ ಪ್ರಕಟಿಸಿತು. ಅಮೆರಿಕದ ಸೇಂಟ್ ಲೂಯಿಸ್ ಗ್ರಂಥಾಲಯದವರು ಅದಕ್ಕೂ ಮೊದಲೇ ಇಂಥದ್ದು ಮಾಡಿದ್ದರು, ನಾರ್ವೆಯಲ್ಲೂ ಒಂದಕ್ಕೆ ನಾಲ್ಕು ಅಂತ ಬಂದಿದೆ. 2014ರಲ್ಲಿ ಇದಕ್ಕೊಂದು ಐಎಸ್‌ಒ ಅಂತರರಾಷ್ಟ್ರೀಯ ಮಾನದಂಡವೇ ಬಂತು, 16439 ನಂಬರಿನದು. ನನಗೆ ಅಷ್ಟೆಲ್ಲ ಬೇಕಿರಲಿಲ್ಲ. ಧಾರವಾಡದಿಂದ ಒಂದೂವರೆ ತಾಸಿನ ದಾರಿಯ ಒಂದು ಪಂಚಾಯಿತಿಗೆ ಇನ್ನಷ್ಟು ಕುರ್ಚಿ, ಒಂದು ಇನ್ವರ್ಟರ್ ಬೇಕಿತ್ತು. "ಓದುವುದು ಒಳ್ಳೇದು" ಅಂತ ಅರ್ಜಿ ಬರೆದರೆ ಎಲ್ಲರೂ ಹೌದೌದು ಅನ್ನುತ್ತಾರೆ, ದುಡ್ಡು ಮಾತ್ರ ಚರಂಡಿ ಕಾಮಗಾರಿಗೆ ಹೋಗುತ್ತದೆ. ಚರಂಡಿಗೆ ಎಸ್ಟಿಮೇಟ್ ಇರುತ್ತದೆ, ನಮಗೆ ಇರುವುದಿಲ್ಲ.

ಸದಸ್ಯರ ಸಂಖ್ಯೆ ತೋರಿಸುವ ಯೋಚನೆ ಬೇಗ ಬಿಟ್ಟೆ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಬಂದಾಗ ಶಾಲಾ ಮಕ್ಕಳನ್ನೆಲ್ಲ ಉಚಿತ ಸದಸ್ಯರನ್ನಾಗಿ ಮಾಡಿಕೊಂಡೆವಲ್ಲ, ವಹಿಯಲ್ಲಿ ಹೆಸರು ನೂರಾರು. ಬರುವವರು ಬೇರೆ, ವಹಿಯಲ್ಲಿರುವವರು ಬೇರೆ. ಗ್ರಂಥಾಲಯ ನೋಡಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಹಿಡಿದದ್ದು ಅಮೆರಿಕದವರ ಕೋಷ್ಟಕ. ಒಂದು ಎರವಲಿಗೆ ಇಷ್ಟು ಡಾಲರ್, ಒಂದು ಪತ್ರಿಕೆ ಓದಿದರೆ ಇಷ್ಟು, ಒಂದು ಪ್ರಶ್ನೆಗೆ ಉತ್ತರ ಹೇಳಿದರೆ ಇಷ್ಟು. ಡಾಲರ್ ತೆಗೆದು ರೂಪಾಯಿ ಹಾಕಿದೆ, ಪುಸ್ತಕದ ಪೂರ್ತಿ ಮುಖಬೆಲೆಯನ್ನೇ ಹಿಡಿದೆ, ದಿನಕ್ಕೆ ನಲವತ್ತು ಮಂದಿ ಪೇಪರ್ ಓದುಗರನ್ನೂ ಕೂಡಿಸಿದೆ. ವರ್ಷಕ್ಕೆ ಹದಿನೈದು ಲಕ್ಷ ದಾಟಿತು. ಅದನ್ನು ನೋಡಿದ ಒಬ್ಬ ಅಧಿಕಾರಿ, "ಹಂಗಾದ್ರ ಈ ಗ್ರಂಥಾಲಯಾನ ಮಾರಿಬಿಡ್ರಿ, ಪಂಚಾಯ್ತಿ ಕರೆಂಟ್ ಬಾಕಿ ಎಲ್ಲಾ ತೀರತೈತಿ" ಅಂದರು. ಅಲ್ಲಿಗೆ ಆ ಕೋಷ್ಟಕ ಮುಗಿಯಿತು.

ಎರಡನೆಯದು ನೇರವಾಗಿ ಕೇಳುವುದು: ಈ ಗ್ರಂಥಾಲಯ ಉಳಿಯಲು ತಿಂಗಳಿಗೆ ಎಷ್ಟು ಕೊಡುತ್ತೀರಿ? ಎರಡೇ ದಿನದಲ್ಲಿ ಊರೆಲ್ಲ ಸುದ್ದಿ, ಲೈಬ್ರರಿಗೆ ಫೀ ಹಾಕುತ್ತಾರಂತೆ ಅಂತ. ಬರುತ್ತಿದ್ದ ಮಕ್ಕಳೂ ನಿಂತರು. ಮುಕ್ಕಾಲು ಪಾಲು ಉತ್ತರ ಸೊನ್ನೆ. ಸೊನ್ನೆ ಅಂದವರಿಗೆ ಬೇಡವಾಗಿತ್ತು ಅಂತಲ್ಲ, ಸರ್ಕಾರದ್ದಕ್ಕೆ ನಾವ್ಯಾಕೆ ಕೊಡಬೇಕು ಅನ್ನುವ ಸಿಟ್ಟು. ಇನ್ನೊಬ್ಬರು ಹತ್ತು ಮಂದಿಯ ಎದುರು ಐದು ಸಾವಿರ ಬರೆಸಿದರು, ಅದು ಚುನಾವಣೆ ಹತ್ತಿರ ಬಂದಿದ್ದಕ್ಕೆ. ತಿರುಗಿಸಿ ಕೇಳಿ ನೋಡಿದೆ: ಒಂದು ತಿಂಗಳು ಬಾರದೆ ಇರಲು ನಿನಗೆಷ್ಟು ಕೊಡಬೇಕು? ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗ ಐವತ್ತು ಸಾವಿರ ಅಂದ. ಇದು ನಮ್ಮೂರಿನ ರೋಗವಲ್ಲ. ಕೊಡುವಾಗ ಒಂದು ಬೆಲೆ, ಬಿಟ್ಟುಕೊಡುವಾಗ ಇನ್ನೊಂದು ಬೆಲೆ ಬರುತ್ತದೆ ಅಂತ ಈ ಲೆಕ್ಕ ಮಾಡುವ ಎಲ್ಲರಿಗೂ ಗೊತ್ತು.

ಅಲಾಸ್ಕಾದಲ್ಲಿ 1989ರಲ್ಲಿ ಎಣ್ಣೆ ಹಡಗು ಒಡೆದ ಮೇಲೆ, ಸಮುದ್ರಕ್ಕಾದ ನಷ್ಟಕ್ಕೆ ಬೆಲೆ ಕಟ್ಟಲು ಜನರನ್ನು ಹೇಗೆ ಕೇಳಬೇಕು ಅಂತ ಅಮೆರಿಕ ಸರ್ಕಾರ ದೊಡ್ಡ ಅರ್ಥಶಾಸ್ತ್ರಜ್ಞರ ಸಮಿತಿ ಕೂರಿಸಿತ್ತು. ಕೆನೆತ್ ಆರೋ, ರಾಬರ್ಟ್ ಸೋಲೋ ಅದರಲ್ಲಿದ್ದರು. 1993ರಲ್ಲಿ ಅವರು ಹೇಳಿದ್ದರಲ್ಲಿ ಒಂದು, "ಎಷ್ಟು ಕೊಡುತ್ತೀರಿ" ಅಂತ ಕೇಳಬೇಡಿ, ಒಂದು ಮೊತ್ತ ಹೇಳಿ ಹೌದೋ ಅಲ್ಲವೋ ಅಂತ ಮತ ಕೇಳಿ ಅಂತ. ನಮಗೆ ಅದಕ್ಕೆ ಹಾದಿ ಸಿದ್ಧವೇ ಇದೆ. ಮನೆ ತೆರಿಗೆ ರಸೀದಿಯಲ್ಲಿ ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ರೂಪಾಯಿಗೆ 6 ಪೈಸೆ ಕೂತಿರುತ್ತದೆ. 500 ರೂಪಾಯಿ ತೆರಿಗೆಗೆ 30 ರೂಪಾಯಿ. ರಸೀದಿಯನ್ನೇ ಕೈಯಲ್ಲಿ ಹಿಡಿದು, "ಈ ಮೂವತ್ತು ಅರವತ್ತಾದರೆ ಒಪ್ಪುತ್ತೀರಾ?" ಅಂತ ಕೇಳಿದೆ. ಉತ್ತರ ಹಸನಾಗಿ ಬಂತು, ಅರ್ಧದಷ್ಟು ಮನೆ ಹೌದು ಅಂದವು. ಆದರೆ ಕೇಳಿದವರಲ್ಲಿ ಬಹಳ ಜನಕ್ಕೆ ತಾವು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ. "ಹಂಗಾದ್ರ ಇಷ್ಟು ವರ್ಷದ್ದು ಎಲ್ಲಿ ಹೋತ್ರೀ?" ಅಂತ ನನ್ನನ್ನೇ ಹಿಡಿದುಕೊಂಡರು. ಅದನ್ನೂ ಮಡಚಿಟ್ಟೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರು ಮಡಚಿಡು ಅಂದರು ಅನ್ನುವುದೇ ಸರಿ.

ದಾರಿ ತೋರಿಸಿದ್ದು ಸಪ್ತಾಪುರ. ಧಾರವಾಡದ ಸಪ್ತಾಪುರ ಗೊತ್ತಿಲ್ಲದ ಪರೀಕ್ಷಾರ್ಥಿ ಉತ್ತರ ಕರ್ನಾಟಕದಲ್ಲಿಲ್ಲ. ಗಲ್ಲಿಗಲ್ಲಿಗೆ ಕೋಚಿಂಗ್, ಪಿಜಿ, ಅವುಗಳ ನಡುವೆ ಖಾಸಗಿ ರೀಡಿಂಗ್ ರೂಮುಗಳು. ಅಲ್ಲಿ ಪುಸ್ತಕವೇ ಇರುವುದಿಲ್ಲ. ಒಂದು ಕುರ್ಚಿ, ಮೂರು ಕಡೆ ಪ್ಲೈವುಡ್ ಅಡ್ಡಗೋಡೆ, ಒಂದು ಪ್ಲಗ್, ವೈಫೈ. ಅಷ್ಟಕ್ಕೆ ತಿಂಗಳ ಬಾಡಿಗೆ. ಈಗ ನಮ್ಮ ತಾಲ್ಲೂಕು ಪೇಟೆಯಲ್ಲೂ ಅಂಥದ್ದು ಬಂದಿದೆ, ತಿಂಗಳಿಗೆ 500. ಅಂದರೆ ನಾವು ಪುಕ್ಕಟೆ ಕೊಡುತ್ತಿರುವ ಒಂದು ವಸ್ತುವಿಗೆ ಪೇಟೆಯಲ್ಲಿ ದರ ನಿಗದಿಯಾಗಿ ಕೂತಿದೆ, ಅದು ಪುಸ್ತಕವಲ್ಲ. ನಾವೋ ವರ್ಷಗಟ್ಟಲೆ ಎರವಲು ವಹಿಯನ್ನೇ ಮುಂದಿಟ್ಟುಕೊಂಡು ವರದಿ ಬರೆಯುತ್ತಿದ್ದೇವೆ.

ಆಮೇಲೆ ಪ್ರಶ್ನೆ ಬದಲಾಯಿತು: ಇದು ಇಲ್ಲದಿದ್ದರೆ ಎಲ್ಲಿ ಓದುತ್ತಿದ್ದೆ? ದಿನಾ ಬರುವ ಪರೀಕ್ಷಾರ್ಥಿಗಳು ಸರಾಸರಿ ಇಪ್ಪತ್ತು. 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಕರೆದಾಗ ಮೆಟ್ಟಿಲ ಮೇಲೂ ಕೂತಿದ್ದರು, ಆ ತಿಂಗಳುಗಳನ್ನು ಸರಾಸರಿಗೆ ಸೇರಿಸಲಿಲ್ಲ. ಇಪ್ಪತ್ತರಲ್ಲಿ ಎಂಟು ಮಂದಿ ಮನೆಯಲ್ಲೇ ಓದುತ್ತಿದ್ದವರು, ಅವರಿಗೆ ಸೊನ್ನೆ ಹಾಕಿದೆ. ಆರು ಮಂದಿ ತಾಲ್ಲೂಕಿಗೆ ಹೋಗುತ್ತಿದ್ದವರು. ಆರು ಮಂದಿ ಧಾರವಾಡಕ್ಕೆ.

ಧಾರವಾಡ ಅಂತ ಬಾಯಲ್ಲಿ ಎಲ್ಲರೂ ಹೇಳುತ್ತಾರೆ, ಮೊದಲು ಕೇಳಿದಾಗ ಹದಿನಾಲ್ಕು ಮಂದಿ ಹೇಳಿದ್ದರು. ಯಾರದು ನಿಜ ಯಾರದು ಆಸೆ ಅಂತ ಬೇರ್ಪಡಿಸಲು ನಾನೊಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ, ಮಾತಿನ ನಡುವೆ ಸಹಜವಾಗಿ ಕೇಳುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ನಮ್ಮ ಹುಡುಗರೇ ಓದಿ ಉತ್ತರ ಕಲಿತು ಬರುತ್ತಾರೆ.

ಧಾರವಾಡದಲ್ಲಿ ರೂಮು, ಮೆಸ್ಸು, ರೀಡಿಂಗ್ ರೂಮು ಸೇರಿ ತಿಂಗಳಿಗೆ ಆರೇಳು ಸಾವಿರ. ಊರಲ್ಲಿದ್ದರೂ ಊಟ ಮಾಡುತ್ತಾರಲ್ಲ, ಅದನ್ನು ಕಳೆದು ನಾಲ್ಕು ಸಾವಿರ ಹಿಡಿದೆ. ವರ್ಷಕ್ಕೆ ಹತ್ತೇ ತಿಂಗಳು. ಆರು ಮಂದಿಗೆ 2 ಲಕ್ಷ 40 ಸಾವಿರ.

ತಾಲ್ಲೂಕಿಗೆ ಹೋಗುವವರದು ತೊಡಕಾಯಿತು. ಕುರ್ಚಿ ಬಾಡಿಗೆ 500 ಸರಿ. ಬಸ್ ಚಾರ್ಜು? ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ, ಟಿಕೆಟ್ ಸೊನ್ನೆ. ಪ್ರಯಾಣದ ಖರ್ಚು ನೋಡಿ ಬೆಲೆ ಕಟ್ಟುವ ವಿಧಾನದಲ್ಲಿ ಹೆಣ್ಣುಮಕ್ಕಳ ಓದು ಹುಡುಗರ ಓದಿಗಿಂತ ಅಗ್ಗ ಅಂತ ಬರುತ್ತದೆ! ಅದಕ್ಕೆ ಅವರ ಹೊತ್ತಿಗೆ ಬೆಲೆ ಹಾಕಿದೆ. ಬಸ್ಸಿಗೆ ಕಾಯುವುದೂ ಸೇರಿ ದಿನಕ್ಕೆ ಒಂದೂವರೆ ತಾಸು. ತಾಸಿಗೆ ಎಷ್ಟು? 2024-25ರಲ್ಲಿ ನರೇಗಾ ಕೂಲಿ ದಿನಕ್ಕೆ 349. ಎಂಟು ತಾಸಿಗೆ ಭಾಗಿಸಿ, ಮೂರನೇ ಒಂದು ಭಾಗ ತೆಗೆದುಕೊಂಡರೆ 14 ರೂಪಾಯಿ ಚಿಲ್ಲರೆ. ಹೀಗೆ ಕೂಲಿಯ ಮೂರನೇ ಒಂದು ಪಾಲು ಹಿಡಿಯುವುದು ಈ ವಿಧಾನದಲ್ಲಿ ರೂಢಿ. ಹುಡುಗರ ಹೊತ್ತಿಗೂ ಬೆಲೆ ಹಾಕಬಹುದಿತ್ತು, ಬೇಕಂತಲೇ ಬಿಟ್ಟು ಬರೀ ಟಿಕೆಟ್ ಹಿಡಿದೆ. ಒಟ್ಟಿನಲ್ಲಿ ತಲೆಗೆ ತಿಂಗಳಿಗೆ ಒಂದು ಸಾವಿರ, ಆರು ಮಂದಿಗೆ ಹತ್ತು ತಿಂಗಳಿಗೆ 60 ಸಾವಿರ.

ಎರವಲು ಪುಸ್ತಕಕ್ಕೆ ನನ್ನದೇ ದರ. 200 ರೂಪಾಯಿಯ ಪುಸ್ತಕ ಕೊಂಡು ಓದಿ ಹಳೇ ಪುಸ್ತಕದವನಿಗೆ ಮಾರಿದರೆ ಅರ್ಧ ವಾಪಸ್ಸು. ಒಯ್ದವರಲ್ಲಿ ಅರ್ಧ ಜನ ಪೂರ್ತಿ ಓದುವುದಿಲ್ಲ. ಹಾಗಾಗಿ 50. ತಿಂಗಳಿಗೆ ನೂರೈವತ್ತು ಎರವಲು ಅಂದರೆ ವರ್ಷಕ್ಕೆ 90 ಸಾವಿರ. ಆನ್‌ಲೈನ್ ಅರ್ಜಿ ತುಂಬಿಕೊಟ್ಟದ್ದಕ್ಕೆ 15 ಸಾವಿರ. ಇದು ನಮ್ಮೂರ ಸೈಬರ್ ಅಂಗಡಿಯವನ ಜೇಬಿನಿಂದ ಬಂದದ್ದು ಅಂತ ಅವನು ಜಗಳ ತೆಗೆದ, ಅವನ ಮಾತಿನಲ್ಲೂ ಅರ್ಥ ಇದೆ.

ಪೇಪರ್ ಓದುವುದಕ್ಕೆ ಸೊನ್ನೆ. ಎದುರಿನ ಚಹಾದಂಗಡಿಯಲ್ಲಿ ಎರಡು ಪೇಪರ್ ಪುಕ್ಕಟೆ ಸಿಗುತ್ತವಲ್ಲ. ದಿನಾ ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದು ಕಟ್ಟೆ ಮೇಲೆ ಕೂರುವ ಅಜ್ಜ ಒಬ್ಬರಿಗೆ ಇದು ಗೊತ್ತಾಗಿ, "ಅಲ್ಲ ತಂಗಿ, ಇಷ್ಟು ವರ್ಷ ಓದೇನಿ, ನನ್ನ ಬೆಲಿ ಸೊನ್ನೇನ?" ಅಂದರು. ಅಜ್ಜಾರ, ನಿಮ್ಮದಲ್ಲ, ಪೇಪರಿಂದು ಅಂದೆ. ಒಂದು ವಾರ ಮಾತು ಬಿಟ್ಟಿದ್ದರು.

ದೊಡ್ಡ ಆಮಿಷ ಇದ್ದದ್ದು ನೌಕರಿಯ ಲೆಕ್ಕದಲ್ಲಿ. ನಮ್ಮಲ್ಲಿ ಓದಿದ ಇಬ್ಬರು ಕಾನ್‌ಸ್ಟೆಬಲ್ ಆದರು. ಅವರ ಸಂಬಳ ಸೇರಿಸಿ, ಮೂವತ್ತು ವರ್ಷದ್ದು ಗುಣಿಸಿ ಅಂತ ಸದಸ್ಯರೊಬ್ಬರು ಹಟ ಹಿಡಿದರು. ಸೇರಿಸಲಿಲ್ಲ. ಹುದ್ದೆ ಇರುವುದು ಇಷ್ಟೇ ಅಂತ ನಿಗದಿಯಾಗಿದೆ. ನಮ್ಮ ಹುಡುಗನಿಗೆ ಸಿಕ್ಕಿದ್ದು ಪಕ್ಕದೂರಿನವನಿಗೆ ತಪ್ಪಿದ್ದು. ನಾಡಿಗೆ ಅದರಿಂದ ಒಂದು ನೌಕರಿಯೂ ಹೆಚ್ಚಾಗಲಿಲ್ಲ. ನಮ್ಮೂರಿಗೆ ಲಾಭ ಆಯಿತಲ್ಲ ಅಂದರೆ ಆಯಿತು, ಆದರೆ ಪಕ್ಕದೂರಿನ ಗ್ರಂಥಾಲಯವೂ ಇದೇ ಲೆಕ್ಕ ಹಾಕಿದರೆ ಒಂದೇ ಸಂಬಳವನ್ನು ಇಬ್ಬರೂ ಎಣಿಸಿದಂತೆ. ಬೇರೆ ತಾಲ್ಲೂಕಿನ ಕೆಲವರು ನನ್ನ ನಮೂನೆ ಇಸಿದುಕೊಂಡು ಹೋಗಿ ಈ ಸಂಬಳದ ಸಾಲು ಸೇರಿಸಿಕೊಂಡಿದ್ದಾರೆ. ಅವರದು ಒಂದಕ್ಕೆ ಹನ್ನೊಂದು ಬಂದಿದೆಯಂತೆ. ಶುಭವಾಗಲಿ.

ಒಟ್ಟು 4 ಲಕ್ಷ 5 ಸಾವಿರ. ಖರ್ಚು 2 ಲಕ್ಷ 40 ಸಾವಿರ: ಗೌರವಧನ, ಕರೆಂಟು, ಪೇಪರ್, ಪುಸ್ತಕ, ಮತ್ತು ಪಂಚಾಯಿತಿಯದೇ ಕಟ್ಟಡವಾದರೂ ಅದಕ್ಕೆ ಕಟ್ಟಿದ ಬಾಡಿಗೆ. ಬಾಡಿಗೆ ಬಿಟ್ಟಿದ್ದರೆ ಅಂಕಿ ಇನ್ನೂ ಚೆಂದ ಕಾಣುತ್ತಿತ್ತು. ಆದರೆ ಸಭೆಯಲ್ಲಿ ಮೊದಲು ಕೇಳಿದ ಪ್ರಶ್ನೆಯೇ ಅದು, "ಆ ಖೋಲಿ ಬಾಡಿಗಿ ಕೊಟ್ಟಿದ್ರ?" "ಸೇರೇತ್ರಿ, ಎರಡನೇ ಪುಟ ನೋಡ್ರಿ" ಅಂದೆ. ಆಮೇಲೆ ಎರಡೇ ಪ್ರಶ್ನೆ ಬಂದವು. ಹತ್ತು ಕುರ್ಚಿ, ಇನ್ವರ್ಟರ್, ಸಂಜೆ ಒಂದು ತಾಸು ಹೆಚ್ಚು ಹೊತ್ತು, ಮೂರೂ ಠರಾವಾದವು.

ಸಾಮಾಜಿಕ ಮೌಲ್ಯಕ್ಕೆ ರೂಪಾಯಿ ಕಟ್ಟಲು ಹೋಗಲಿಲ್ಲ. ಬ್ರಿಟನ್ನಿನಲ್ಲಿ 2014ರಲ್ಲಿ ಅದನ್ನೂ ಮಾಡಿದರು, ಗ್ರಂಥಾಲಯ ಬಳಸುವವರ ನೆಮ್ಮದಿಗೆ ವರ್ಷಕ್ಕೆ 1,359 ಪೌಂಡ್ ಅಂತ. ಆ ಅಂಕಿಯನ್ನು ನಮ್ಮ ಸಭೆಯಲ್ಲಿ ಓದುವ ಧೈರ್ಯ ನನಗಿಲ್ಲ. ಬೇರೆ ದಾರಿ ನೋಡಿದೆ. ಬಾಗಿಲ ಹತ್ತಿರ ನಾಲ್ಕು ಖಾಲಿ ಡಬ್ಬಿ ಇಟ್ಟು, ಬಂದವರು ಯಾಕೆ ಬಂದರೋ ಆ ಡಬ್ಬಿಗೆ ಒಂದು ಹುಣಸೆ ಬೀಜ ಹಾಕಬೇಕು ಅಂತ ಮಾಡಿದೆ: ಪರೀಕ್ಷೆ, ಪೇಪರ್, ಕಂಪ್ಯೂಟರ್, ಸುಮ್ಮನೆ. ನಾಲ್ಕನೇ ಡಬ್ಬಿ ಎಲ್ಲಕ್ಕಿಂತ ಬೇಗ ತುಂಬುತ್ತಿತ್ತು. ಆದರೆ ಮಕ್ಕಳು ಬೀಜ ಒಯ್ದು ಚೌಕಾಬಾರಕ್ಕೆ ಸೀಳಿಕೊಂಡರು, ಲೆಕ್ಕ ಕೆಟ್ಟಿತು. ಆಮೇಲೆ ಗೋಡೆಗೆ ಹಾಳೆ ಅಂಟಿಸಿ ಪೆನ್ಸಿಲ್ ಗೀಟು ಹಾಕಿಸಿದೆ. ಪೆನ್ಸಿಲ್ ಹೋಯಿತು.

ನಿಜವಾದ ಫಲ ಸಿಕ್ಕಿದ್ದು ನಾನು ಮಾಡದ ಪ್ರಯೋಗದಲ್ಲಿ. ನಾನು ಬರುವವರನ್ನು ತಾಸುತಾಸಿಗೆ ಗಂಡು ಹೆಣ್ಣು ಬೇರೆ ಮಾಡಿ ಬರೆಯುತ್ತೇನೆ. ಸಂಜೆ ಆರರ ನಂತರ ಏಳೆಂಟು ಹುಡುಗಿಯರು ಇರುತ್ತಿದ್ದರು. ಒಂದು ಮಳೆಗಾಲ ನಮ್ಮ ತಿರುವಿನ ಬೀದಿದೀಪ ಕೆಟ್ಟಿತು. ಅದೇ ವಾರ ಏಳೆಂಟು ಹೋಗಿ ಒಂದೆರಡಕ್ಕೆ ಇಳಿಯಿತು, ಹುಡುಗರ ಸಂಖ್ಯೆ ಇದ್ದಷ್ಟೇ ಇತ್ತು. ಸುಮಾರು ಮೂರು ವಾರ ಹೀಗೇ. ವಹಿ ತಗೊಂಡು ಹೋಗಿ ವಾಟರ್‌ಮನ್‌ಗೆ ತೋರಿಸಿದೆ, ಪಿಡಿಒ ಅವರಿಗೆ ತೋರಿಸಿದೆ. ಬಲ್ಬು ಬಂತು, ಹುಡುಗಿಯರೂ ಬಂದರು. ಆ ಎರಡು ಪುಟದ ಜೆರಾಕ್ಸನ್ನು ವರದಿಗೆ ಪಿನ್ ಮಾಡಿದ್ದೆ. ಮಹಿಳಾ ಸದಸ್ಯರು 1.70 ಬಗ್ಗೆ ಏನೂ ಕೇಳಲಿಲ್ಲ, ಆ ಪುಟ ಮಾತ್ರ ಕೈಯಿಂದ ಕೈಗೆ ಹೋಯಿತು. ಗ್ರಂಥಾಲಯ ನೋಡಿಕೊಳ್ಳುವವರಲ್ಲಿ ತಾಸುತಾಸಿನ ವಹಿ ಇಲ್ಲದವರು ಇವತ್ತೇ ಶುರು ಮಾಡಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಈ ವರ್ಷದ ಲೆಕ್ಕ ಮಾರ್ಚ್ ಮುಗಿದ ಮೇಲೆ. ಇನ್ವರ್ಟರ್ ಬ್ಯಾಟರಿಗೆ ನಾಲ್ಕು ವರ್ಷ ಆಯಸ್ಸು ಹಿಡಿದು ಸವಕಳಿ ಸೇರಿಸಬೇಕು. ಹೊಸ ಕುರ್ಚಿಗಳಲ್ಲಿ ಮಧ್ಯಾಹ್ನ ಮೂರ್ನಾಲ್ಕು ಖಾಲಿ ಇರುತ್ತವೆ. ಅಂಕಿ ಒಂದೂವರೆಗೆ ಇಳಿಯಬಹುದು ಅಂತ ಪಿಡಿಒ ಸಾಹೇಬರಿಗೆ ಈಗಲೇ ಹೇಳಿಟ್ಟಿದ್ದೇನೆ.