ಬೂತಾಯಿ ಕರುಳು, ಬೋರ್‌ವೆಲ್ ನೀರು, ನನ್ನ ಗೋಳು

ಮಂಡ್ಯದಲ್ಲಿ ಕೂತು ಸಮುದ್ರದ ಮೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಹುಡುಕುತ್ತೇನೆ ಅಂದಾಗ ನಮ್ಮ ಲ್ಯಾಬಿನಲ್ಲಿ ಎಲ್ಲರೂ ನಕ್ಕರು. "ಮೊದ್ಲು ನಮ್ಮೂರ ವಿ.ಸಿ. ನಾಲೆ ಮೀನು ನೋಡಪ್ಪ" ಅಂದರು. ಈಗ ಅವರೇ ಬಂದು ವಿಧಾನ ಕೇಳುತ್ತಿದ್ದಾರೆ!

ಬೂತಾಯಿ, ಅಂದರೆ ಸಾರ್ಡೀನ್, ಕಿವಿರಿನಲ್ಲಿ ನೀರು ಸೋಸಿ ತಿನ್ನುವ ಸಮುದ್ರದ ಮೀನು. ಪಾಚಿ ಯಾವುದು, ಪ್ಲಾಸ್ಟಿಕ್ ಯಾವುದು ಅಂತ ಆರಿಸುತ್ತಾ ಕೂರಲ್ಲ. ಅದಕ್ಕೇ ಅದನ್ನು ಹಿಡಿದೆ, ಅಲ್ಲೇ ಸಿಕ್ಕಿಬಿದ್ದೆ. ಕರುಳು ಕರಗಿಸಿ ಸೋಸಿದರೆ ಪ್ಲಾಸ್ಟಿಕ್ ಮಾತ್ರ ಉಳಿಯಬೇಕು. ಬಂಗುಡೆ ಮೀನಿನ ಕರುಳು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರದಲ್ಲಿ, 40 ಡಿಗ್ರಿಯಲ್ಲಿ, ಎರಡು ಮೂರು ದಿನದಲ್ಲಿ ಕರಗಿತು. ಬೂತಾಯಿಗೆ ಮೈತುಂಬಾ ಎಣ್ಣೆ. ಎಣ್ಣೆಗೆ ಕ್ಷಾರ ಸೇರಿದರೆ ಇನ್ನೇನು, ಸೋಪು! ಫಿಲ್ಟರ್ ಪೇಪರ್ ಮೇಲೆ ಬೂದುಬಣ್ಣದ ಲೋಳೆ ಕೂತು, ಒಂದು ಹನಿ ಇಳಿಯಲು ಒಂದು ನಿಮಿಷ. ಮೂರು ಡಬ್ಬಿ ಪೇಪರ್ ಹಾಳು. ಕೈಯಿಂದ ಏಳೆಂಟು ಸಾವಿರ ಹೋಗಿರಬೇಕು.

ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ. ಹಾಲಿನ ಹಾಗೆ ಉಕ್ಕಿ ಅರ್ಧ ಸ್ಯಾಂಪಲ್ ಮೇಜಿನ ಮೇಲೆ. ನೈಟ್ರಿಕ್ ಆಸಿಡ್ ಬೇಡವೇ ಬೇಡ, ನೈಲಾನನ್ನೇ ತಿಂದುಹಾಕುತ್ತದೆ. ಬಲೆಯ ಎಳೆ ಹುಡುಕುವವರಿಗೆ ಬೇಕಾದದ್ದೇ ಅದು, ಅಲ್ವಾ?

ದಾರಿ ತೋರಿಸಿದ್ದು ಅಮ್ಮ. ಬಟ್ಟೆ ಒಗೆಯುತ್ತಾ, "ಈ ಬೋರ್ ನೀರಿಗೆ ನೊರೇನೇ ಬರಲ್ಲ ಕಣೋ, ಬರೀ ಗಷ್ಟು ಕಟ್ಟುತ್ತೆ" ಅಂದರು. ನಾನು ಕರುಳು ತೊಳೆಯುತ್ತಿದ್ದದ್ದೂ ಸೋಸಿದ ಬೋರ್ ನೀರಿನಲ್ಲೇ! ಗಡಸು ನೀರಿನ ಕ್ಯಾಲ್ಸಿಯಂ ಸೋಪಿಗೆ ಅಂಟಿ ಗಷ್ಟಾಗುತ್ತಿತ್ತು. ಡಿಸ್ಟಿಲ್ಡ್ ವಾಟರ್ ಬಿಸಿ ಮಾಡಿ ಅದರಲ್ಲಿ ತೊಳೆದು, ಆರುವ ಮುಂಚೆ ಸ್ಟೀಲ್ ಜರಡಿಯಲ್ಲಿ ಸೋಸಿದೆ. ಸರಾಗವಾಗಿ ಇಳಿಯಿತು. ಆಮೇಲೆ ಸ್ವಲ್ಪ ಆಲ್ಕೋಹಾಲ್. ಎಷ್ಟು, ಯಾವಾಗ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊದಲ ಒಳ್ಳೇ ಫಿಲ್ಟರ್ ಪೇಪರಿನಲ್ಲಿ ಏಳು ನೀಲಿ ಎಳೆ ಕಂಡು ಕುಣಿದಾಡಿದೆ. ಮೀನೇ ಹಾಕದ ಬ್ಲಾಂಕಿನಲ್ಲೂ ಆರು! ನನ್ನದೇ ಸ್ವೆಟರ್. ಈಗ ಮೇಲೊಂದು ಹತ್ತಿ ಕೋಟು ಹಾಕಿಕೊಳ್ಳದೆ ಒಳಗೆ ಹೋಗಲ್ಲ. ಪ್ಲಾಸ್ಟಿಕ್ ತೇಲಿಸಿ ಬೇರ್ಪಡಿಸುವ ಉಪ್ಪು ನೀರನ್ನೂ ಸೋಸಿಯೇ ಬಳಸಿ, ಅಂಗಡಿ ಉಪ್ಪಿನಲ್ಲೂ ಪ್ಲಾಸ್ಟಿಕ್ ಇರುತ್ತದೆ. ಆ ನೀರಿನಲ್ಲಿ ಪಾಲಿಥೀನ್ ತೇಲುತ್ತದೆ, ಬಾಟಲಿಯ ಪೆಟ್ ಮುಳುಗುತ್ತದೆ. ಅಡಿಯಲ್ಲಿ ಕೂತದ್ದನ್ನು ಸುಮ್ನೆ ಚೆಲ್ಲಬೇಡಿ.

ಮಧ್ಯೆ ಒಂದು ಹುಚ್ಚಾಟ. ಅಕ್ವೇರಿಯಂ ಅಂಗಡಿಯಿಂದ ಆರ್ಟೀಮಿಯಾ ಅನ್ನೋ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆ ತಂದು ಮರಿ ಮಾಡಿಸಿ, ನೈಲ್ ರೆಡ್ ಅನ್ನೋ ಹೊಳೆಯುವ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಪುಡಿ ಕೊಟ್ಟೆ. ಒಂದೂ ತಿನ್ನಲಿಲ್ಲ. ಆಗ ತಾನೇ ಒಡೆದ ಮರಿಗೆ ಬಾಯೇ ತೆರೆದಿರಲ್ಲ, ಮರೆತಿದ್ದೆ! ಮರುದಿನ ನೀಲಿ ಬೆಳಕು ಹಾಯಿಸಿ ನೋಡಿದರೆ ಗಾಜಿನಂಥ ಮೈಯೊಳಗೆ ಉದ್ದಕ್ಕೂ ಹೊಳೆಯುವ ಕಿತ್ತಳೆ ಗೆರೆ. ಪಕ್ಕದ ಬಾಟಲಿಯ ಮರಿಗಳಿಗೆ ಬರೀ ಪಾಚಿ ಹಾಕಿದ್ದೆ, ಅವು ಅದನ್ನು ತಿಂದು ನೀರು ತಿಳಿಯಾಗಿತ್ತು. ಪಾಚಿಯ ಜೊತೆ ಪುಡಿಯನ್ನೂ ಹಾಕಿದ ಬಾಟಲಿ ಇನ್ನೂ ಹಸಿರಾಗೇ ಇತ್ತು, ಪುಡಿ ತಿಂದ ಮರಿಗಳು ಪಾಚಿ ಕಡಿಮೆ ತಿಂದವೇನೋ. ಒಂದೇ ಸಲ ಮಾಡಿದ್ದು, ಮುಂದಿನ ತಿಂಗಳು ಇನ್ನೊಮ್ಮೆ ಇಡುತ್ತೇನೆ.