ಫೋಕಸ್ ಪ್ಯಾಡ್: ಕೆಡಿಸಿದ್ದು ಹಿಡಿದ ಕೈ

"ಪ್ಯಾಡಿಗೆ ಗುದ್ದಿಸಬೇಡಿ ಮಾರಾಯ್ರೆ, ಮಕ್ಕಳ ಕರಾಟೆ ಹೋಗಿ ಬಾಕ್ಸಿಂಗ್ ಬರುತ್ತದೆ" ಎಂದು ಸುರತ್ಕಲ್ ಕಡೆ ಕ್ಲಾಸ್ ನಡೆಸುವ ಹಿರಿಯ ಮಾಸ್ಟರ್ ಒಬ್ಬರು ನನಗೆ ಹೇಳಿ ಈಗ ನಾಲ್ಕು ವರ್ಷಗಳಾಗಿರಬೇಕು. ಅವರು ಹೇಳಿದ್ದು ಫೋಕಸ್ ಪ್ಯಾಡಿನ ಬಗ್ಗೆ, ಅಂದರೆ ಕಲಿಸುವವನು ಕೈಗೆ ತೊಟ್ಟು ಗುದ್ದಿಗೆ ಒಡ್ಡುವ ಮೆತ್ತೆ. ಹಿಕಿತೆ (ಗುದ್ದುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವುದು) ಸತ್ತುಹೋಗುತ್ತದೆ, ಮುಖದ ಹತ್ತಿರ ತಡೆದು ನಿಲ್ಲಿಸುವ ಕಂಟ್ರೋಲ್ ತಪ್ಪುತ್ತದೆ, ಕುಮಿತೆಯಲ್ಲಿ (ಇಬ್ಬರು ಎದುರುಬದುರಾಗಿ ಆಡುವ ಪಂದ್ಯದಲ್ಲಿ) ಮೊದಲ ಸುತ್ತಿಗೇ ಯಾರದ್ದಾದರೂ ಮೂಗು ಒಡೆದು ಪೆನಾಲ್ಟಿ ಹೊತ್ತು ಬರುತ್ತಾರೆ ಎಂಬುದು ಅವರ ವಾದ. ಮಂಗಳೂರಿನ ಉರ್ವದ ಬಳಿಯ ಬಾಡಿಗೆ ಹಾಲಿನಲ್ಲಿ 25-26 ಮಕ್ಕಳಿಗೆ ಶೋಟೋಕಾನ್ ಶೈಲಿಯ ಕರಾಟೆ ಕಲಿಸುವ ನಾನು ಅವರ ಮಾತನ್ನು ಮೀರಿ ಪ್ಯಾಡ್ ತಂದೆ. ಮೊದಲ ಒಂದೂವರೆ ವರ್ಷ ಅವರು ಹೇಳಿದಂತೆಯೇ ಆಯಿತು.

ಮೊದಲ ಪೆಟ್ಟು ಬಿದ್ದದ್ದು ಹಸಿರು ಬೆಲ್ಟಿನ ಹುಡುಗನೊಬ್ಬನಿಗೆ. ಅವನು ಪೂರ್ತಿ ಬಲದಿಂದ ಗ್ಯಾಕು ಝುಕಿ (ಹಿಂದಿನ ಕೈಯ ಗುದ್ದು) ಹಾಕಿದಾಗ, ಅವನನ್ನು ಚುರುಕು ಮಾಡುವ ಹುಮ್ಮಸ್ಸಿನಲ್ಲಿ ನಾನು ಕೊನೆಯ ಕ್ಷಣಕ್ಕೆ ಪ್ಯಾಡನ್ನು ಹಿಂದಕ್ಕೆ ಎಳೆದುಬಿಟ್ಟೆ. ಕಿಹೋನ್, ಅಂದರೆ ಮೂಲ ಪಟ್ಟುಗಳ ಅಭ್ಯಾಸ, ಮಾಡುವಾಗ ಗಾಳಿಗೆ ಗುದ್ದುವವನು ತನ್ನ ಕೈಯನ್ನು ತಾನೇ ತಡೆದುಕೊಳ್ಳುತ್ತಾನೆ. ಎದುರಿಗೆ ಪ್ಯಾಡ್ ಇದೆ ಎಂದು ನಂಬಿ ಗುದ್ದುವವನು ತಡೆದುಕೊಳ್ಳುವುದಿಲ್ಲ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಅವನ ಮೊಣಕೈ ಮಿತಿಮೀರಿ ಚಾಚಿಕೊಂಡು, ಮೂರು ವಾರ ಕ್ಲಾಸಿಗೆ ಬರಲಾಗಲಿಲ್ಲ. ಎಕ್ಸ್‌ರೇ, ಔಷಧಿ ಎಂದು 1,800 ರೂಪಾಯಿಯಷ್ಟು ನಾನೇ ಕೊಟ್ಟೆ. ಅವನ ತಂದೆ ಬೇಡವೆಂದರೂ ನನ್ನ ಮನಸ್ಸು ಕೇಳಲಿಲ್ಲ. ಅಂದಿನಿಂದ ಬಲದ ಗುದ್ದಿಗೆ ಹಿಡಿದ ಪ್ಯಾಡನ್ನು ನಾನು ಎಂದೂ ಹಿಂದಕ್ಕೆ ಎಳೆದಿಲ್ಲ.

ಎರಡನೆಯ ತಪ್ಪು ಗೊತ್ತಾಗಲು ಒಂದು ಟೂರ್ನಮೆಂಟ್ ಬೇಕಾಯಿತು. ನಮ್ಮಲ್ಲಿ ಎಲ್ಲರಿಗಿಂತ ವೇಗವಾಗಿ ಕೈ ಓಡಿಸುವ ಬ್ರೌನ್ ಬೆಲ್ಟ್ ಹುಡುಗಿ ಉಡುಪಿಯಲ್ಲಿ ಆಡಿದಾಗ ಐದಾರು ಸಲ ಕಿಝಾಮಿ (ಮುಂದಿನ ಕೈಯ ಗುದ್ದು) ಹಾಕಿದಳು. ಐದಾರು ಸಲವೂ ಮುಷ್ಟಿ ಎದುರಾಳಿಯ ಕಿವಿಯ ಪಕ್ಕದಿಂದ ಸಾಗಿಹೋಯಿತು. ಹೊಟ್ಟೆಗೆ ಒದ್ದರೆ ಎರಡು, ತಲೆಗೆ ಒದ್ದರೆ ಮೂರು ಅಂಕ ಸಿಗುವ ಆಟದಲ್ಲಿ ಕೈಗೆ ಸಿಗುವುದು ಒಂದೇ ಅಂಕದ ಯುಕೊ ಆದರೂ ಪಂದ್ಯದ ಹೆಚ್ಚಿನ ಪ್ರಯತ್ನಗಳು ಕೈಯವೇ. ಆ ಒಂದೊಂದು ಅಂಕವೂ ಸಿಗದೆ ಅವಳು 0-4ರಲ್ಲಿ ಸೋತಳು. ಹಿಂದಿರುಗುವಾಗ ಬಸ್ಸಿನಲ್ಲಿ ಮೊಬೈಲಿನ ವಿಡಿಯೊಗಳನ್ನು ಒಂದೊಂದಾಗಿ ನೋಡುತ್ತ ಬಂದವನಿಗೆ ಪಡುಬಿದ್ರಿ ದಾಟಿ ಮೂಲ್ಕಿ ಬರುವಷ್ಟರಲ್ಲಿ ಕಾರಣ ಕಂಡಿತು. ಕ್ಲಾಸಿನ ವಿಡಿಯೊದಲ್ಲಿ ನಾನು ಎರಡೂ ಪ್ಯಾಡುಗಳನ್ನು ನನ್ನ ಭುಜಗಳಿಗಿಂತ ಹೊರಗೆ ಹಿಡಿದು ನಿಂತಿದ್ದೆ. ಅದಕ್ಕೆ ಶಾಸ್ತ್ರವೇನೂ ಇರಲಿಲ್ಲ, ಕನ್ನಡಕ ಒಡೆಯದಿರಲೆಂದು ಹಾಗೆ ಹಿಡಿದಿದ್ದೆ, ಅಷ್ಟೆ. ತಲೆಯ ಪಕ್ಕಕ್ಕೆ ಗುದ್ದಲು ನಾನೇ ಒಂದು ವರ್ಷ ಅವಳಿಗೆ ತರಬೇತಿ ಕೊಟ್ಟಿದ್ದೆ. ಕಲಿಸಿದ್ದನ್ನು ಅವಳು ಚಾಚೂತಪ್ಪದೆ ಮಾಡಿದಳು.

ಮರುವಾರದಿಂದ ಕನ್ನಡಕ ತೆಗೆದಿಟ್ಟು ಹಿಡಿಯತೊಡಗಿದೆ. ಜೋದಾನಿಗೆ (ಮುಖದ ಮಟ್ಟದ ಗುದ್ದಿಗೆ) ಎಡ ಪ್ಯಾಡ್ ನನ್ನ ಗದ್ದದ ಎದುರು, ದೇಹದ ನಡುಗೆರೆಯಲ್ಲಿ, ಮುಖದಿಂದ ಸುಮಾರು ಒಂದೂವರೆ ಗೇಣು ಮುಂದೆ ಇರುತ್ತದೆ. ಚೂದಾನಿಗೆ (ಹೊಟ್ಟೆ-ಎದೆಯ ಮಟ್ಟದ ಗುದ್ದಿಗೆ) ಬಲ ಪ್ಯಾಡ್ ಎದೆಮೂಳೆ ಮುಗಿಯುವ ಜಾಗದ ಎದುರು. ಮೊಣಕೈ ಮಡಚಿ ಪಕ್ಕೆಗೆ ಹತ್ತಿರ ಇರಬೇಕು, ಅಂಗೈ ತುಸು ಕೆಳಕ್ಕೆ ಬಾಗಿರಬೇಕು. ಮುಷ್ಟಿ ತಾಗುವ ಹೊತ್ತಿಗೆ ಎರಡು ಬೆರಳಿನಷ್ಟು ಮಾತ್ರ ಮುಂದೊತ್ತಿ ಎದುರುಗೊಳ್ಳಬೇಕು. ಸದ್ದು ಜೋರಾಗಲೆಂದು ಒಂದು ಗೇಣು ಮುಂದೆ ಹೋಗಿ ಬಡಿಯುವವರನ್ನು ನೋಡಿದ್ದೇನೆ. ಅಂಥವರ ಎದುರು ಅಭ್ಯಾಸ ಮಾಡಿದವನ ಗುದ್ದು ಪಂದ್ಯದಲ್ಲಿ ಸರಿಯಾಗಿ ಆ ಒಂದು ಗೇಣಿನಷ್ಟು ಹಿಂದೆಯೇ ಮುಗಿದುಹೋಗುತ್ತದೆ.

ಇನ್ನು ಹಿರಿಯರ ಆಕ್ಷೇಪಗಳ ವಿಚಾರ. ಕಂಟ್ರೋಲಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಿವಿಯಿಂದ. ತಳ್ಳಿದ ಗುದ್ದಿಗೆ ಪ್ಯಾಡ್ 'ಧಪ್' ಎನ್ನುತ್ತದೆ, ತಾಗಿ ಹಿಂದಕ್ಕೆ ಬಂದ ಗುದ್ದಿಗೆ 'ಟಪ್' ಎನ್ನುತ್ತದೆ. ಹತ್ತು ವರ್ಷದ ಮಗುವೂ ಈ ವ್ಯತ್ಯಾಸವನ್ನು ಒಂದೇ ದಿನದಲ್ಲಿ ಗುರುತಿಸುತ್ತದೆ. 'ಧಪ್' ಎಂದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಷ್ಟಿ ಪ್ಯಾಡಿನ ಮೇಲೆ ಒಂದು ಕ್ಷಣ ಹೆಚ್ಚು ಕೂತರೂ ಇನ್ನೊಂದು ಪ್ಯಾಡಿನಿಂದ ಮಣಿಕಟ್ಟಿನ ಮೇಲೆ ತಟ್ಟುತ್ತೇನೆ. ಹತ್ತು ಗುದ್ದು ಪ್ಯಾಡಿಗೆ ಆದ ಕೂಡಲೇ ಅದೇ ಉಸಿರಿನಲ್ಲಿ ಐದು ಗುದ್ದುಗಳನ್ನು ಜೊತೆಗಾರನ ಗದ್ದದಿಂದ ನಾಲ್ಕು ಬೆರಳು ದೂರದಲ್ಲಿ ನಿಲ್ಲಿಸಬೇಕು ಎಂಬುದು ನಮ್ಮ ನಿಯಮ. ಮೊದಮೊದಲು ಇಪ್ಪತ್ತು-ಐದು ಮಾಡಿಸಿದ್ದೆ, ಅದರಿಂದ ಮೂರು ತುಟಿಗಳು ಒಡೆದವು. ಹತ್ತು-ಐದಕ್ಕೆ ಇಳಿಸಿದ ಮೇಲೆ ಆ ತೊಂದರೆ ಬಂದಿಲ್ಲ. ಹಿಕಿತೆಗೆ ನಾನು ಕಂಡುಕೊಂಡ ಉಪಾಯಕ್ಕೆ ಒಂದು ಹಳೆಯ ಬೆಲ್ಟ್ ಬೇಕು ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಹಾಗೆಯೇ, ಪ್ಯಾಡನ್ನು ಯಾವ ಕ್ಷಣಕ್ಕೆ ತೊಡೆಯ ಬದಿಯಿಂದ ಎತ್ತಿ ತೋರಿಸಿದರೆ ಮಕ್ಕಳು ಊಹೆ ಬಿಟ್ಟು ಕಣ್ಣನ್ನು ನಂಬತೊಡಗುತ್ತಾರೆ ಎಂಬುದೂ ಸದ್ಯಕ್ಕೆ ನಮ್ಮ ಹಾಲಿನೊಳಗೇ ಇರಲಿ, ಡಿಸೆಂಬರಿನಲ್ಲಿ ನಮ್ಮ ಮಕ್ಕಳು ಆಡುವುದಿದೆ.

ಇದರ ನಡುವೆ ಒಂದೆರಡು ಹುಚ್ಚಾಟಗಳೂ ನಡೆದವು. ಮೊದಲ ಜೋಡಿಯ ರೆಕ್ಸಿನ್ ಬಿರಿದಾಗ ಮಾವನವರ ತೋಟದಿಂದ ಅಡಿಕೆ ಹಾಳೆ ತಂದು, ನೀರಿನಲ್ಲಿ ನೆನೆಸಿ, ಪ್ಯಾಡಿನ ಮುಖಕ್ಕೆ ಅಳತೆಯಾಗಿ ಕತ್ತರಿಸಿ ದಬ್ಬಣದಿಂದ ಹೊಲಿದೆ. ಅಂಥ ಸದ್ದು ಯಾವ ಚರ್ಮದ ಪ್ಯಾಡಿನಿಂದಲೂ ನಾನು ಕೇಳಿಲ್ಲ. ರಸ್ತೆಯಾಚೆಯ ಅಂಗಡಿಯವರು ಪಟಾಕಿ ಎಂದುಕೊಂಡು ಬಂದು ನೋಡಿದರು. ಆದರೆ ನಾಲ್ಕೇ ದಿನಕ್ಕೆ ಒಣಗಿದ ಹಾಳೆಯ ಅಂಚು ಮೇಲೆದ್ದು ಒಬ್ಬನ ಬೆರಳಗಂಟನ್ನು ಗೀರಿತು, ಎರಡು ವಾರಕ್ಕೆ ನಡುವೆಯೇ ಸೀಳಿತು. ಮಕಿವಾರ (ಗುದ್ದಿ ಅಭ್ಯಾಸ ಮಾಡುವ ಹಗ್ಗ ಸುತ್ತಿದ ಕಂಬ) ನೆಡಲು ಹಾಲಿನ ಯಜಮಾನರು ಒಪ್ಪದ ಕಾರಣ ಮನೆಯ ಹಿತ್ತಿಲಲ್ಲಿ ಅಡಿಕೆ ಮರದ ಸಲಾಕೆ ನೆಟ್ಟು ತೆಂಗಿನ ಹಗ್ಗ ಸುತ್ತಿದ್ದೂ ಆಯಿತು. ಓಕಿನಾವಾದವರ ಹುಲ್ಲಿನ ಹಗ್ಗ ಹೇಗೋ ಏನೋ, ನಮ್ಮ ತೆಂಗಿನ ನಾರು ಮಾತ್ರ ಚರ್ಮವನ್ನು ತುರಿಮಣೆಯಂತೆ ತುರಿಯಿತು.

ಒದೆತಗಳಿಗೆ ಈ ಪ್ಯಾಡ್ ಅಷ್ಟೇನೂ ಒಗ್ಗುವುದಿಲ್ಲ. ಮವಾಶಿ ಗೆರಿಗೆ (ಬದಿಯಿಂದ ಬೀಸಿ ಒದೆಯುವುದು) ಎರಡು ಪ್ಯಾಡ್ ಜೋಡಿಸಿ ಹಿಡಿದರೆ ಸಣ್ಣ ಮಕ್ಕಳ ಮಟ್ಟಿಗೆ ನಡೆಯುತ್ತದೆ. ಮಾಯೆ ಗೆರಿಗೆ (ನೇರ ಮುಂದಕ್ಕೆ ಒದೆಯುವುದು) ಹಿಡಿದು ನನ್ನ ಹೆಬ್ಬೆರಳು ಉಳುಕಿದ ಮೇಲೆ ಬಿಟ್ಟಿದ್ದೇನೆ.

ಹಿಡಿಯುವವನ ದೇಹದ ಬಗ್ಗೆ ಯಾರೂ ಮಾತಾಡುವುದಿಲ್ಲ. ಸಂಜೆಗೆ 26 ಮಕ್ಕಳು, ತಲೆಗೆ ನೂರರಂತೆ ಹಿಡಿದರೆ ಎರಡೂವರೆ ಸಾವಿರದಷ್ಟು ಗುದ್ದುಗಳು ನನ್ನ ಮೊಣಕೈಗೆ ಇಳಿಯುತ್ತಿದ್ದವು. ಆರು ತಿಂಗಳಲ್ಲಿ ಸ್ಕೂಟರಿನ ಆಕ್ಸಲರೇಟರ್ ತಿರುವಲೂ ಕೈ ನೋಯತೊಡಗಿತು. ಬೇರೆ ದಾರಿಯಿಲ್ಲದೆ ಮಕ್ಕಳಿಗೇ ಹಿಡಿಯಲು ಕಲಿಸಿದೆ, ಅದಕ್ಕೇ ಒಂದು ತಿಂಗಳು ಮೀಸಲಿಟ್ಟೆ. ಪೋಷಕರು "ಫೀಸ್ ಕೊಟ್ಟು ಪ್ಯಾಡ್ ಹಿಡಿಯಲು ಕಳಿಸುವುದಾ ಸರ್?" ಎಂದು ಕೇಳಿದರು. ಆದರೆ ಹಿಡಿದು ನಿಂತ ಮಕ್ಕಳಿಗೆ ಎದುರಿನವನ ಸೊಂಟ ತಿರುಗುವುದು, ಹಿಂದಿನ ಹಿಮ್ಮಡಿ ನೆಲ ಒತ್ತುವುದು ಮುಷ್ಟಿಗಿಂತ ಮೊದಲು ಕಾಣತೊಡಗಿತು. ಅವರ ತಡೆಗಳೂ ಬೇಗ ಬೇಗ ಏಳತೊಡಗಿದವು. ಇದನ್ನು ನಾನು ಯೋಜಿಸಿ ಮಾಡಿದ್ದಲ್ಲ, ಮೊಣಕೈ ನೋವು ತಂದುಕೊಟ್ಟದ್ದು.

ಕಳೆದ ಸಲ ನಮ್ಮವರು 17 ಮಂದಿ ಆಡಿ 9 ಪದಕ ತಂದರು; ಅದರಲ್ಲಿ ಕಿವಿಯ ಪಕ್ಕ ಗುದ್ದುತ್ತಿದ್ದ ಹುಡುಗಿಯದು ಚಿನ್ನ, ಅಂತಿಮ ಪಂದ್ಯದಲ್ಲಿ ಅವಳು ಪಡೆದ ಐದೂ ಅಂಕಗಳು ಕೈಯಿಂದಲೇ ಬಂದವು. ಅತಿ ಸ್ಪರ್ಶಕ್ಕೆ ಪೆನಾಲ್ಟಿ ಬಿದ್ದದ್ದು ಇಡೀ ತಂಡಕ್ಕೆ ಎರಡೇ ಸಲ. ಸುರತ್ಕಲ್ಲಿನ ಮಾಸ್ಟರ್ ಆ ದಿನ ಏನೂ ಹೇಳಲಿಲ್ಲ, ಪ್ಯಾಡ್ ಎಲ್ಲಿಂದ ತರಿಸಿದ್ದೆಂದು ಮಾತ್ರ ಕೇಳಿದರು.

ದುಡ್ಡಿನ ಲೆಕ್ಕ ಹೇಳುವುದಾದರೆ, 650 ರೂಪಾಯಿಯ ಜೋಡಿ ಮೂರು ತಿಂಗಳಲ್ಲಿ ಸಿಪ್ಪೆ ಸುಲಿಯಿತು, 2,400ರ ಚರ್ಮದ ಜೋಡಿ ಇನ್ನೂ ಬದುಕಿದೆ. ಒಟ್ಟು ಹದಿನಾಲ್ಕು ಹದಿನೈದು ಸಾವಿರ ಇದಕ್ಕೇ ಹೋಗಿದೆ, ಅಂದರೆ ಹಾಲಿನ ಮೂರು ತಿಂಗಳ ಬಾಡಿಗೆ. ಚರ್ಮಕ್ಕೆ ಗುದ್ದಿಗಿಂತ ದೊಡ್ಡ ಶತ್ರು ನಮ್ಮ ಮಳೆಗಾಲ. ಒಂದು ಜುಲೈಯಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ನಾಲ್ಕು ದಿನ ಮರೆತ ಜೋಡಿಯ ಒಳಗೆ ಹಸಿರು ಬೂಸ್ಟು ಬೆರಳುದ್ದ ಬೆಳೆದಿತ್ತು, ಅದನ್ನು ಎಸೆಯಬೇಕಾಯಿತು. ಈಗ ಕ್ಲಾಸ್ ಮುಗಿದ ಕೂಡಲೇ ಒಳಗೆ ಹಳೆಯ ಪತ್ರಿಕೆ ತುರುಕಿ ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡುತ್ತೇನೆ. ಮನೆಯವಳು ಬಾಗಿಲಾಚೆ ಇಡಿ ಎನ್ನುತ್ತಾಳೆ, ವಾಸನೆಯ ವಿಷಯದಲ್ಲಿ ಅವಳು ಹೇಳುವುದು ಸರಿಯೇ. ಸದ್ಯ ಮೂರು ಜೋಡಿ ಸುಸ್ಥಿತಿಯಲ್ಲಿವೆ. ನಾಲ್ಕನೆಯದರ ಪಟ್ಟಿ ಕಿತ್ತು ಸ್ಟೇಟ್ ಬ್ಯಾಂಕ್ ಬಳಿಯ ಚಪ್ಪಲಿ ಹೊಲಿಯುವವರ ಹತ್ತಿರ ಇದೆ. ಅರುವತ್ತು ರೂಪಾಯಿ ಹೇಳಿದ್ದಾರೆ, ಶನಿವಾರ ಹೋಗಿ ತರಬೇಕು.