ಜಾಂಡೀಸ್ ಬಂದಾಗ ನಾನು ಉಂಡ ಊಟ

ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಹೋದ ವರ್ಷ ಮಾವಿನ ಕೊಯ್ಲಿನ ಹೊತ್ತಿಗೆ ನನಗೆ ಜಾಂಡೀಸ್ ಆಯಿತು. ಹೆಪಟೈಟಿಸ್ ಎ ಅಂತ, ಲಿವರ್‌ಗೆ ತಗಲುವ ವೈರಸ್ಸು, ಕೆಟ್ಟ ನೀರಿನಿಂದ ಬರುವುದು. ರಕ್ತದಲ್ಲಿರುವ ಬಿಲಿರುಬಿನ್ ಅನ್ನೋ ಹಳದಿ ಅಂಶ 1ರ ಆಸುಪಾಸಿನಲ್ಲಿ ಇರಬೇಕಾದದ್ದು 8 ದಾಟಿತ್ತು.

ಮನೆಗೆ ಬಂದ ದಿನವೇ ಪಥ್ಯ ಶುರು. ಉಪ್ಪಿಲ್ಲ, ಎಣ್ಣೆಯಿಲ್ಲ. ಅರಿಶಿನ ಕಣ್ಣಿಗೂ ಬೀಳಬಾರದು. ಮಾವಿನಹಣ್ಣು ಹಳದಿ ಅಂತ ಅತ್ತೆ ಬುಟ್ಟಿಯನ್ನೇ ಅಟ್ಟಕ್ಕೆ ಏರಿಸಿದರು. ಬರೀ ಗಂಜಿ, ನೀರು ಮಜ್ಜಿಗೆ. ಅವರು ಪ್ರೀತಿಯಿಂದಲೇ ಮಾಡಿದ್ದು, ಅವರ ತಾಯಿಯೂ ಹಾಗೇ ಮಾಡಿದ್ದರಂತೆ. ಆದರೆ ಹತ್ತು ದಿನದಲ್ಲಿ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು.

ಎರಡನೇ ಸಲ ಡಾಕ್ಟರ ಹತ್ತಿರ ಅತ್ತೆಯೂ ಬಂದರು. "ಈ ವೈರಸ್ಸನ್ನು ಕೊಲ್ಲೋ ಮಾತ್ರೆ ಇಲ್ಲಮ್ಮ. ಮೈಯೇ ಅದನ್ನ ಓಡಿಸಬೇಕು. ಊಟ ಇಲ್ದೆ ಹೇಗೆ ಓಡಿಸುತ್ತೆ?" ಅಂದರು ಡಾಕ್ಟರು. ಕಣ್ಣಿನ ಹಳದಿ ಬಿಲಿರುಬಿನ್ನಿನದು, ಅಡಿಗೆಯ ಅರಿಶಿನದ್ದಲ್ಲ ಅಂತಲೂ ತಿಳಿಸಿದರು. ಸಂಜೆಗೇ ಬುಟ್ಟಿ ಕೆಳಗಿಳಿಯಿತು.

ಆಮೇಲೆ ನಾನೇ ಒಂದು ವಿಷಯ ಗಮನಿಸಿದೆ. ಬೆಳಿಗ್ಗೆ ಓಕರಿಕೆ ಕಡಿಮೆ, ಹೊತ್ತು ಇಳಿದ ಹಾಗೆ ಜಾಸ್ತಿ. ಹಾಗಾಗಿ ದಿನದ ದೊಡ್ಡ ಊಟವನ್ನು ಬೆಳಿಗ್ಗೆಗೇ ತಂದೆ. ಎದ್ದು ಮುಖ ತೊಳೆದ ಕೂಡಲೇ ರಾಗಿ ಹುರಿಹಿಟ್ಟು, ಬೆಲ್ಲ, ಹಾಲು ಕಲಸಿ ಒಂದು ಬಟ್ಟಲು. ಅಗಿಯುವ ಕಷ್ಟವಿಲ್ಲ, ವಾಸನೆಯಿಲ್ಲ, ಹೊಟ್ಟೆಯಲ್ಲಿ ನಿಲ್ಲುತ್ತದೆ. ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಅದೇ ಅಂತ ಈಗಲೂ ನಂಬಿದ್ದೇನೆ. ಒಂಬತ್ತಕ್ಕೆ ಮೆತ್ತನೆ ಮುದ್ದೆ, ಹೆಸರುಬೇಳೆ ತೊವ್ವೆ, ಅರ್ಧ ಚಮಚ ತುಪ್ಪ. ನಡುವೆ ಎರಡು ಹೋಳು ಮಾವು. ಮಧ್ಯಾಹ್ನ ಸೊಪ್ಪಿನ ಸಾರು, ಮೊಸರನ್ನ. ರಾತ್ರಿ ಬಾಳೆಹಣ್ಣು, ಸ್ವಲ್ಪ ಹಾಲು. ಮೂರನೇ ವಾರದಿಂದ ಬೇಯಿಸಿದ ಮೊಟ್ಟೆ. ಕರಿದದ್ದು ಸೇರುತ್ತಿರಲಿಲ್ಲ, ಬಿಟ್ಟೆ. ಒಗ್ಗರಣೆ ಹಾಕುವಾಗ ಜಗುಲಿಗೆ ಹೋಗಿ ಕೂರುತ್ತಿದ್ದೆ.

ಪಕ್ಕದ ಮನೆಯವರು ನೆಲನೆಲ್ಲಿ ಅರೆದು ತಂದರು. ಬೇಡ ಅಂತ ಹೇಳಲು ಮನಸ್ಸು ಒಪ್ಪಲಿಲ್ಲ, ಆದರೂ ಕುಡಿಯಲಿಲ್ಲ. ದಣಿದ ಲಿವರ್‌ಗೆ ಅಳತೆ ಗೊತ್ತಿಲ್ಲದ ಔಷಧಿ ಕೊಡಬೇಡಿ ಅಂದಿದ್ದರು ಡಾಕ್ಟರು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೂಡ ಕೇಳಿಯೇ ನುಂಗಿದೆ.

ಆಗ ನಾನು ಅಡಿಗೆಗೆ ಕೈ ಹಾಕಲಿಲ್ಲ. ಈ ಕಾಯಿಲೆ ಮಲದಿಂದ ಕೈಗೆ, ಕೈಯಿಂದ ಊಟಕ್ಕೆ ಹರಡುತ್ತದೆ, ಮನೆಯಲ್ಲಿ ಮಕ್ಕಳಿದ್ದಾರೆ ಅಲ್ವಾ. ಸೋಪಿನಲ್ಲಿ ಕೈ ತೊಳೆಯುವುದು, ನೀರು ಕುದಿಸಿ ಆರಿಸುವುದು ಎಲ್ಲರಿಗೂ ಕಡ್ಡಾಯವಾಯಿತು.

ನನ್ನ ಈ ಊಟ ನನಗೆ ಬಂದಂಥ ಜಾಂಡೀಸಿಗೆ. ಪಿತ್ತಕೋಶದ ಕಲ್ಲಿನಿಂದಲೋ ಕುಡಿತದಿಂದಲೋ ಬಂದದ್ದಾದರೆ ಲೆಕ್ಕವೇ ಬೇರೆ, ಡಾಕ್ಟರನ್ನೇ ಕೇಳಿ. ಮಾತು ತೊದಲಿದರೆ, ಮಂಪರು ಕವಿದರೆ, ಎಲ್ಲಾದರೂ ರಕ್ತ ಬಂದರೆ, ವಾಂತಿ ನಿಲ್ಲದಿದ್ದರೆ ಊಟದ ಯೋಚನೆ ಬಿಟ್ಟು ಆಸ್ಪತ್ರೆಗೆ ಓಡಿ.

ಆರನೇ ವಾರ ಬಿಲಿರುಬಿನ್ 1.1 ಬಂತು. ಅಷ್ಟೊತ್ತಿಗೆ ತೋಟದಲ್ಲಿ ತಡವಾಗಿ ಹಣ್ಣಾಗುವ ನೀಲಂ ಮಾವಷ್ಟೇ ಉಳಿದಿತ್ತು. ಅತ್ತೆ ತಾವೇ ಹೆಚ್ಚಿ ತಟ್ಟೆಯಲ್ಲಿಟ್ಟು ತಂದರು.